ಮುಳ್ಳಿಗೆ ನಿತ್ಯಸೇವೆ

ಹಜಾರದ ಅಮೃತಶಿಲೆಯ ಗಡಿಯಾರ ಎಂದೂ ತಪ್ಪುವುದಿಲ್ಲ ಎಂದು ದಿವಾನರ ಬಂಗಲೆಯಲ್ಲಿ ಎಲ್ಲರೂ ನಂಬಿದ್ದರು. ಗಡಿಯಾರವಂತೂ ನಂಬಿಯೇ ನಂಬಿತ್ತು. ಚಿನ್ನದ ನೀರು ಕುಡಿದ ಕಂಚಿನ ಬಳ್ಳಿಗಳನ್ನು ಮೈತುಂಬ ಹೊತ್ತು, ಒಮ್ಮೆಯೂ ಬೆಂಕಿ ಕಾಣದ ಅಗ್ಗಿಷ್ಟಿಕೆಯ ಮೇಲೆ ಅದು ಕೂತಿತ್ತು. ಹನ್ನೆರಡು ವರ್ಷದಿಂದ ದಿನಾ ಬೆಳಿಗ್ಗೆ ಜವಾನ ಮಾದಯ್ಯ ಅದರ ಗಾಜು ತೆರೆದು ಮುಳ್ಳನ್ನು ಮೆಲ್ಲಗೆ ಮುಟ್ಟುತ್ತಿದ್ದ. ಅದು ತನಗೆ ಸಲ್ಲುವ ನಿತ್ಯಸೇವೆ ಎಂದು ಗಡಿಯಾರ ತಿಳಿದಿತ್ತು.

ಒಂದು ಸಂಜೆ ಯಜಮಾನಿ ನೋಡಿದಾಗ ಅದರಲ್ಲಿ ಆರಕ್ಕೆ ಹತ್ತು ನಿಮಿಷ ಬಾಕಿಯಿತ್ತು. ಎದುರು ಕಿಟಕಿಯ ತಗಡಿನ ಟೈಮ್‌ಪೀಸು ಆರು ತೋರಿಸುತ್ತಿತ್ತು.

"ಈ ತಗಡಿನ ಡಬ್ಬ ಕೆಟ್ಟಿದೆ. ಗುಜರಿಯವನು ಗೇಟಿನ ಹತ್ತಿರ ಇದ್ದಾನೆ, ಕೊಟ್ಟುಬಿಡು" ಎಂದರು.

ಮಾದಯ್ಯ ಕಿಟಕಿಯಿಂದ ಟೈಮ್‌ಪೀಸನ್ನು ಕೈಗೆತ್ತಿಕೊಂಡ.

"ಸ್ವಾಮಿ, ನನ್ನ ಪರವಾಗಿ ಒಂದು ಮಾತು ಹೇಳಿ" ಎಂದು ಟೈಮ್‌ಪೀಸು ಗಡಿಯಾರವನ್ನು ಬೇಡಿತು. "ನಾನು ಹೋದರೆ ನಿಮಗೇ ಕಷ್ಟ."

"ಕುಲುಮೆಗೆ ಹೊರಟಾಗಲೂ ಜಂಬವೇನೋ ನಿನಗೆ?"

"ಜಂಬವಲ್ಲ. ಬೆಳಿಗ್ಗೆ ನೀವು ಮಾದಯ್ಯನ ಕೈ ನೋಡುತ್ತೀರಿ. ಅವನ ಕಣ್ಣು ಎಲ್ಲಿರುತ್ತದೆ ಎಂದು ನೋಡಿದ್ದೀರಾ?"

ತಗಡಿನ ಜೊತೆ ವಾದವೇ ಎಂದುಕೊಂಡಿತು ಗಡಿಯಾರ. ಟೈಮ್‌ಪೀಸು ಗೋಣಿಚೀಲ ಸೇರಿತು.

ಮರುದಿನ ಬೆಳಿಗ್ಗೆ ಮಾದಯ್ಯ ಗಾಜು ತೆರೆದು ಮುಳ್ಳಿಗೆ ಬೆರಳಿಟ್ಟ. ಆದರೆ ಬೆರಳು ಮುಂದೆ ಸರಿಯಲಿಲ್ಲ. ಗಡಿಯಾರ ಮೊದಲ ಬಾರಿಗೆ ಅವನ ಕಣ್ಣು ನೋಡಿತು. ಅದು ಖಾಲಿ ಕಿಟಕಿಯ ಮೇಲಿತ್ತು.

ಹನ್ನೆರಡು ವರ್ಷವೂ ಮಾದಯ್ಯ ಅದರ ಮುಳ್ಳನ್ನು ಆ ಟೈಮ್‌ಪೀಸು ನೋಡಿಯೇ ಸರಿಮಾಡುತ್ತಿದ್ದ.