ಒಳಗೆ ಹಿಡಿಯಿಲ್ಲದ ಬಾಗಿಲು

ಚೌಕಾಸಿಯಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದ ಮುಂಗುಸಿಗೆ ಒಂದು ಹಳೇ ವ್ಯಾನ್ ಬೇಕಾಗಿತ್ತು. ಅದರೊಳಗೆ ಹಾಸಿಗೆ ಹಾಕಿ, ಒಲೆ ಹೂಡಿ, ಊರೂರು ಸುತ್ತುವ ಆಸೆ. ಕಾಗೆಯ ಗುಜರಿ ಅಂಗಡಿಯಲ್ಲಿ ಒಂದು ಸಿಕ್ಕಿತು. ಮುಂಗುಸಿ ಸಂದಿಸಂದಿಗೂ ಮೂಗು ತೂರಿಸಿತು.

"ನೆಲದ ತುಂಬ ಮಂಡಕ್ಕಿ, ಒಣಗಿದ ಚೆಂಡುಹೂವು. ಬೆಲೆ ಇಳಿಸು," ಎಂದಿತು.

ಕಾಗೆ ಇಳಿಸಿತು.

"ಊದುಬತ್ತಿಯ ವಾಸನೆ ಬೇರೆ. ಹಿಂಬಾಗಿಲಿಗೆ ಒಳಗಿನಿಂದ ತೆಗೆಯಲು ಹಿಡಿಯೇ ಇಲ್ಲ. ಇನ್ನೂ ಇಳಿಸು."

ಕಾಗೆ ಇನ್ನಷ್ಟು ಇಳಿಸಿತು. ಮುಂಗುಸಿಗೆ ಒಳಗೊಳಗೇ ನಗು.

ಹೊಸ ಬಣ್ಣ ಬಳಿದು, ಪರದೆ ಕಟ್ಟಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಹೊರಟದ್ದಾಯಿತು. ಮಧ್ಯಾಹ್ನ ಮರದ ನೆರಳಲ್ಲಿ ವ್ಯಾನ್ ನಿಲ್ಲಿಸಿ, ಉಂಡು, ಹಾಸಿಗೆಯಲ್ಲಿ ಕಾಲು ಚಾಚಿದ್ದೇ ತಡ, ಹಿಂಬಾಗಿಲು ತಾನಾಗಿ ಮುಚ್ಚಿಕೊಂಡಿತು. ವ್ಯಾನ್ ಮೆಲ್ಲಗೆ ಚಲಿಸಿತು.

"ಎಲ್ಲಿಗೆ ಹೋಗುತ್ತಿದ್ದೀಯ?" ಎಂದಿತು ಮುಂಗುಸಿ.

"ಸ್ಮಶಾನಕ್ಕೆ. ನನ್ನಲ್ಲಿ ಮಲಗಿದವರನ್ನೆಲ್ಲ ಅಲ್ಲಿಗೇ ಒಯ್ದಿದ್ದೇನೆ," ಎಂದಿತು ವ್ಯಾನ್.

"ನಾನು ಸತ್ತಿಲ್ಲ. ಬಾಗಿಲು ತೆಗೆ."

"ಈವರೆಗೆ ಯಾರೂ ಹಾಗೆ ಕೇಳಿದವರಿಲ್ಲ. ಅದಕ್ಕೇ ಒಳಗೆ ಹಿಡಿ ಇಟ್ಟಿಲ್ಲ," ಎಂದಿತು ವ್ಯಾನ್, ಕನಿಕರದಿಂದ. "ಆ ಹಿಡಿಯ ದುಡ್ಡನ್ನು ನೀನು ಬೆಲೆಯಲ್ಲೇ ಮುರಿದುಕೊಂಡೆಯಲ್ಲ."