ಸುಷಿರೇಶ್ವರನ ನಾಲ್ಕಲಗಿನ ಕಿಂಡಿ

ದ್ವಾಪರಯುಗವು ಮುಗಿಯುತ್ತ ಬಂದಿದ್ದ ಕಾಲದಲ್ಲಿ, ವ್ಯಾಘ್ರಗರ್ಜನೆಯಿಂದ ಪ್ರತಿಧ್ವನಿಸುತ್ತಿದ್ದ ಶ್ಯಾಮಶಿಲಾಗಿರಿಯ ತಪ್ಪಲಿನಲ್ಲಿ ಚಾವೋಜನೆಂಬ ಕಲ್ಲುಕುಟಿಗನೂ ಆತನ ಧರ್ಮಪತ್ನಿ ಮಾಳವ್ವೆಯೂ ವಾಸವಾಗಿದ್ದರು. ಗಿರಿಗುಹೆಯಲ್ಲಿ ಸ್ವಯಂಭುವಾಗಿ ಮೂಡಿದ್ದ ಶಿವಲಿಂಗಕ್ಕೆ ನಿತ್ಯವೂ ದೀಪವಿಡುತ್ತಿದ್ದ ಆ ಸಾಧ್ವಿಯು ಒಂದು ಪ್ರಾತಃಕಾಲ ಒಳಹೊಕ್ಕಿರುವಾಗಲೇ ಭೂಮಿಯು ಕಂಪಿಸಿ, ಆನೆಗಾತ್ರದ ಬಂಡೆಯೊಂದು ಉರುಳಿಬಂದು ಗುಹಾದ್ವಾರವನ್ನು ಮುಚ್ಚಿಬಿಟ್ಟಿತು.

ಓಡಿಬಂದ ಚಾವೋಜನು ಬಂಡೆಗೆ ಕಿವಿಯಿಟ್ಟನು. "ಇದ್ದೀನಿ, ಗಾಬರಿಯಾಗಬೇಡಿ. ಆದರೆ ಉಸಿರು ಕಟ್ತಾ ಇದೆ," ಎಂಬ ಮಾಳವ್ವೆಯ ಕ್ಷೀಣಧ್ವನಿ ಕೇಳಿಸಿತು.

ಬಂಡೆಯನ್ನು ಒಡೆಯಹೋದರೆ ಮೇಲಿನ ಕಲ್ಲುಗಳೂ ಕುಸಿಯುವುವೆಂದರಿತ ಆತನು, ಅದರ ತೆಳುವಾದ ಅಂಚಿನಲ್ಲಿ ರಂಧ್ರವೊಂದನ್ನು ಕೊರೆಯಲು ನಿಶ್ಚಯಿಸಿದನು. ಮೊದಲು ಚೂಪು ಮೊನೆಯ ಕಲ್ಲುಳಿಯಾದ ಚಾಣವನ್ನಿಟ್ಟು ಬಡಿದನು. ಕಲ್ಲು ಪುಡಿಯಾಯಿತೇ ಹೊರತು ಕುಳಿ ಆಳವಾಗಲಿಲ್ಲ, ಮೊನೆಯೇ ಮೊಂಡಾಯಿತು. ಬಳಿಕ ಅದರ ಪಕ್ಕದಲ್ಲಿ ಒಂದೇ ಅಲಗಿನ ಚಪ್ಪಟೆ ಚಾಣವನ್ನು ಪ್ರತಿ ಪೆಟ್ಟಿಗೂ ತಿರುಗಿಸುತ್ತ ಹೊಡೆಯಲು, ಅದು ಬೇಗನೆ ಇಳಿಯಿತಾದರೂ ಕುಳಿಯು ತ್ರಿಕೋಣಾಕಾರವಾಗಿ, ಚಾಣವು ಅಲ್ಲಿಯೇ ಸಿಕ್ಕಿಕೊಂಡಿತು. ಆ ಸಂಕಟದಲ್ಲಿಯೂ ಆತನಿಗೆ ಕುತೂಹಲ: ಸುತ್ತ ತಿರುಗಿಸಿದರೂ ಮೂಲೆಗಳೇಕೆ ಮೂಡಿದವು? ಚಾಣವನ್ನು ಅಲುಗಿಸಿ ಕಿತ್ತು, ಧೂಳನ್ನು ಊದಿ ಇಣುಕಿದನು. ಒಂಟಿ ಅಲಗು ಓಲಾಡಿದೆಡೆ ಮೂಲೆ ಬಿದ್ದಿತ್ತು. ಒಂದು ಪೆಟ್ಟಿನ ಗೆರೆಯನ್ನು ಮತ್ತೊಂದು ಅಡ್ಡ ದಾಟಿದೆಡೆ ಮಾತ್ರ ಕಲ್ಲು ಸಲೀಸಾಗಿ ಚಕ್ಕೆಯೆದ್ದಿತ್ತು.

"ಎಲೆ ಮಾಳವ್ವೆ, ಎರಡು ಅಲಗು ಅಡ್ಡಡ್ಡ ಕೂಡಿಸಿದರೆ ಓಲಾಡದು, ಅಲ್ಲವೇ?"

"ಮಾಡಿ ನೋಡಿ! ನನ್ನನ್ನೇನು ಕೇಳ್ತಾ ಕೂತಿದ್ದೀರಿ?"

ಕುಲುಮೆಗೆ ಓಡಿ, ಎರಡು ಅಲಗುಗಳನ್ನು ಕಾಸಿ ಬಡಿದು ಅಡ್ಡಡ್ಡ ಬೆಸೆದು, ನಾಲ್ಕೆಸಳ ಹೂವಿನಂಥ ಮೊನೆಯನ್ನು ಹದಗೊಳಿಸಿ ತಂದು ಮತ್ತೊಂದು ಎಡೆಯಲ್ಲಿ ಹೊಡೆದನು. ತಿರುಗಿಸಿದಂತೆಲ್ಲ ಕುಳಿಯು ಬಳೆಯಂತೆ ಗುಂಡಗಾಗಿ ಇಳಿಯಿತು. ಹೊತ್ತು ಇಳಿಯುವಷ್ಟರಲ್ಲಿ ಚಾಣವು ತಟ್ಟನೆ ಒಳಕ್ಕೆ ಜಾರಿತು. ಗುಹೆಯ ತಂಪು ಗಾಳಿ ಮುಖಕ್ಕೆ ತಗುಲಿದಾಗ ಆತನು ಅತ್ತುಬಿಟ್ಟನು.

ಆ ಕಿಂಡಿಯಲ್ಲಿ ಬಿದಿರಿನ ನಳಿಗೆಯಿಟ್ಟು ಚಾವೋಜನು ಹಾಯಿಸಿದ ಹಾಲನ್ನು ಬೊಗಸೆಯೊಡ್ಡಿ ಪಡೆದ ಮಾಳವ್ವೆಯು, ಗಂಟಲೊಣಗಿದ್ದರೂ, ಲಿಂಗದ ಮೇಲೆರೆಯಲು ತಿರುಗಿದಳು. ಆಗ ಗುಹೆಯನ್ನೆಲ್ಲ ತುಂಬಿದ ಗಂಭೀರವಾಣಿಯು ಹೊರಗಿದ್ದ ಚಾವೋಜನಿಗೂ ಕೇಳಿಸಿತು:

"ಮಗಳೇ, ನಿಲ್ಲು. ನೀನು ಕುಡಿಯದೆ ನಾನು ಸ್ವೀಕರಿಸೆನು. ಬಾಯಾರಿದವರು ಕುಡಿದು ಉಳಿದ ಹನಿಯೇ ನನಗೆ ಅಭಿಷೇಕ."

ಆಕೆ ಕುಡಿದು, ಬೆರಳಲ್ಲುಳಿದ ಹನಿಯನ್ನು ಲಿಂಗಕ್ಕೆ ಸೋಕಿಸಿದೊಡನೆ ಬಂಡೆಯು ಒಬ್ಬರು ನುಸುಳುವಷ್ಟು ತಾನಾಗಿ ಸರಿದು ನಿಂತಿತು. ಹೊರಬಂದ ಪತ್ನಿಯ ಕೈಹಿಡಿದುಕೊಂಡೇ ಚಾವೋಜನು ಸಾಷ್ಟಾಂಗವೆರಗಿದನು.

ಆ ಬಂಡೆಯ ಮೇಲೆ ಪುಡಿಗುಳಿ, ತ್ರಿಕೋಣಗುಳಿ, ಗುಂಡುಕಿಂಡಿ ಎಂಬ ಮೂರು ಗುರುತುಗಳನ್ನೂ ಭಕ್ತಾದಿಗಳು ಇಂದಿಗೂ ಬೆರಳಿಟ್ಟು ನೋಡಬಹುದು. ಕಾರ್ತೀಕ ಸೋಮವಾರಗಳಂದು ಗುಂಡುಕಿಂಡಿಯ ಮೂಲಕ ಹಾಲು ಹಾಯಿಸಿ, ಬಾಯಾರಿ ಬೆಟ್ಟವೇರಿ ಬಂದವರಿಗೆ ಮೊದಲು ಕೊಟ್ಟು, ಪಾತ್ರೆಯಲ್ಲುಳಿದುದನ್ನು ಸುಷಿರೇಶ್ವರನೆಂದು, ಎಂದರೆ ರಂಧ್ರದ ಒಡೆಯನೆಂದು, ಹೆಸರಾದ ಸ್ವಾಮಿಗೆ ಎರೆಯುವುದು ಇಲ್ಲಿಯ ಸಂಪ್ರದಾಯ. ಯಾರೂ ಬಾರದಿದ್ದರೆ ಅರ್ಚಕರು ಪಾತ್ರೆ ಹಿಡಿದು ಕಾಯುತ್ತಾರೆ, ಸ್ವಾಮಿಯೂ ಕಾಯುತ್ತಾನೆ.