ಕೂಗಿದ ಭುಜ, ಕೂಗದ ಸ್ನಾಯು

ಮಾಲೀಶು ಕಲಿಯುತ್ತಿದ್ದ ಕಮಲಾಕ್ಷಿಯ ಹೆಬ್ಬೆರಳಿಗೆ ತನ್ನ ಬಲದ ಮೇಲೆ ಬಲು ಜಂಭ. ಮೂರು ತಿಂಗಳಿಂದ ತೋಳೆತ್ತಿ ತುರುಬು ಕಟ್ಟಿಕೊಳ್ಳಲಾರದ ಹನುಮವ್ವ ಬಂದು ಕೂತಾಗ, ಅವಳ ಭುಜದ ಮುಂಭಾಗ "ಅಯ್ಯೋ, ನೋವು ಇಲ್ಲಿ!" ಎಂದು ಬೊಬ್ಬೆ ಹಾಕಿತು. ಹೆಬ್ಬೆರಳು ಅಲ್ಲೇ ಒತ್ತಿತು. ಬೊಬ್ಬೆ ಹೆಚ್ಚಾಯಿತು. ಇನ್ನೂ ಒತ್ತಿತು.

"ನಿಲ್ಲಿಸು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ!" ಎಂದು ಅಂಗೈ ಗದರಿ, ಅದನ್ನು ಬೆನ್ನ ಕಡೆಗೆ ಕರೆದೊಯ್ದಿತು. ಅಲ್ಲಿ ಹೆಗಲಿನ ಹಲಗೆಯಂಥ ಮೂಳೆಯ ಮೇಲೆ ಒಂದು ಸ್ನಾಯು ಹುಣಸೆಬೀಜದಂತೆ ಗಂಟುಕಟ್ಟಿಕೊಂಡಿತ್ತು.

"ನೋವಿನ ಬೇರು ನೀನೇ! ಸುಮ್ಮನೇಕಿದ್ದೆ?" ಎಂದಿತು ಹೆಬ್ಬೆರಳು.

"ತೋಳು ಗೂಡಿನಿಂದ ಜಾರದಂತೆ ಹಿಡಿದಿರುವವನು ನಾನು. ಕೂಗಲು ಬಿಡುವೆಲ್ಲಿದೆ, ಸ್ವಾಮಿ?" ಎಂದಿತು ಸ್ನಾಯು.

ಹೆಬ್ಬೆರಳಿನ ಜಂಭ ಇಳಿಯಿತು. ಅದು ತಲೆ ತಗ್ಗಿಸಿ, ಎಣ್ಣೆ ಸವರಿ, ಮೆಲ್ಲಗೆ ತಿಕ್ಕಿತು. ಗಂಟು ಬೆಣ್ಣೆಯಂತೆ ಕರಗಿತು. ಹನುಮವ್ವ ಎರಡೂ ತೋಳೆತ್ತಿ ಬಿಗಿಯಾಗಿ ತುರುಬು ಕಟ್ಟಿ, "ಬಂತವ್ವ ನನ್ನ ಕೈ ನನಗೆ!" ಎಂದು ಕೇಕೆ ಹಾಕಿದಳು.

"ಕಂಡಿರಾ, ನಾನು ಕೂಗಿದ್ದಕ್ಕೇ ಗುಣವಾಯಿತು," ಎಂದು ಭುಜದ ಮುಂಭಾಗ ಬೀಗಿತು. ಆದರೆ ಅಂದಿನಿಂದ, ಮುಂದೆ ನಿಂತು ಯಾರೇ ಕೂಗಲಿ, ಹೆಬ್ಬೆರಳು ಮೊದಲು ಹಿಂದೆ ಹೋಗಿ ಸುಮ್ಮನಿರುವವರನ್ನು ವಿಚಾರಿಸುತ್ತದೆ.